ಡೇರೆ ಕಿತ್ತ ಮೇಲೆ



ಪರಿಚಿತರ ನಡುವೆ ಸಜ್ಜನರಾಗಿರುವುದು ಕಷ್ಟವೇನಲ್ಲ. ಆದರೆ ಯಾರೂ ಗುರುತಿಸದ ಊರಿನಲ್ಲಿ, ಯಾರೂ ನೋಡದ ಕಾಡಿನಲ್ಲಿ ನಾವು ಹೇಗಿರುತ್ತೇವೆ? ನಡತೆಯ ನಿಜವಾದ ಪರೀಕ್ಷೆ ಅಲ್ಲಿಯೇ.

ಕಳೆದ ಫೆಬ್ರವರಿಯಲ್ಲಿ ನನ್ನ ಅಕ್ಕನ ಮಗ ಮೂವರು ಗೆಳೆಯರೊಡನೆ ಎರಡು ಬೈಕುಗಳಲ್ಲಿ ಶಿಕಾರಿಪುರದಿಂದ ಉತ್ತರಕ್ಕೆ ಹೊರಟ. ಶಿರಾಳಕೊಪ್ಪ, ಸೊರಬ, ಬನವಾಸಿ, ಶಿರಸಿ, ಯಲ್ಲಾಪುರ ದಾಟಿ ದಾಂಡೇಲಿಯ ಕಾಡಿನ ಕಡೆಗೆ ಪ್ರಯಾಣ. ರಾತ್ರಿ ಡೇರೆಯಲ್ಲಿ ವಾಸ. ಮರಳಿ ಬಂದು ಉತ್ಸಾಹದಿಂದ ಎಲ್ಲವನ್ನೂ ಹೇಳುತ್ತಿದ್ದವನು ಒಂದು ಕಡೆ ದನಿ ತಗ್ಗಿಸಿದ. ಯಲ್ಲಾಪುರದ ಆಚೆ ಹಳ್ಳದ ದಂಡೆಯಲ್ಲಿ ಅಡುಗೆ ಮಾಡಿ, ಬೆಂಕಿ ಆರಿತೆಂದು ಭಾವಿಸಿ ಮುಂಜಾನೆ ಹೊರಟಿದ್ದರಂತೆ. ಮರೆತುಬಿಟ್ಟಿದ್ದ ಚಾದರಕ್ಕಾಗಿ ಹಿಂತಿರುಗಿದಾಗ, ಎಮ್ಮೆ ಕಾಯುವ ಗೌಳಿ ವೃದ್ಧರೊಬ್ಬರು ತರಗೆಲೆಗೆ ಹತ್ತಿದ ಬೆಂಕಿಯನ್ನು ಹಸಿ ಸೊಪ್ಪಿನಿಂದ ಬಡಿಯುತ್ತಿದ್ದರು. ಅವರ ಪಂಚೆಯ ಅಂಚು ಸುಟ್ಟಿತ್ತು. "ಅಲ್ಲೇ ಆಚೆ ನಮ್ಮ ಮನೆಗಳಿವೆ, ತಮ್ಮಾ" ಎಂದರಷ್ಟೇ. ಬೈಯಲಿಲ್ಲ.

"ಅಲ್ಲಿ ಇಳಿದುಕೊಳ್ಳಲು ಯಾರನ್ನಾದರೂ ಕೇಳಿದ್ದಿರಾ?" ಎಂದೆ.

"ಭೂಮಿ ಅಲ್ಲಾಹನದಲ್ಲವೇ ಮಾಮೂ? ಇಡೀ ಭೂಮಿಯೇ ನಮಗೆ ಮಸೀದಿ ಎಂದು ನೀವೇ ಹೇಳಿಕೊಟ್ಟಿದ್ದೀರಿ. ಅಲ್ಲೇ ಫಜ್ರ್ ನಮಾಝ್ ಮಾಡಿದೆವು."

ಅವನ ಮಾತು ಸರಿ. ಆದರೆ ಅರ್ಧ ಮಾತ್ರ. ಭೂಮಿ ಅಲ್ಲಾಹನದು ಎಂದರೆ ಅದು ನಮ್ಮದಲ್ಲ ಎಂದೂ ಅರ್ಥವಲ್ಲವೇ? ಅದು ನಮ್ಮ ಕೈಗೆ ಬಂದ ಅಮಾನತ್. ಇಡೀ ಭೂಮಿ ಮಸೀದಿಯಾದರೆ, ಮಸೀದಿಯ ಚಾಪೆಯ ಮೇಲೆ ಯಾರಾದರೂ ಕೆಂಡ ಬಿಟ್ಟು ಬರುವರೇ?

ಪ್ರವಾದಿವರ್ಯರು(ಸ) ಪ್ರಯಾಣಿಕರಿಗೆ ಕೊಟ್ಟ ಬೋಧನೆಗಳನ್ನು ನೋಡಿರಿ. ರಾತ್ರಿ ತಂಗುವಾಗ ದಾರಿಯಿಂದ ಸರಿದು ಇಳಿಯಬೇಕು. ಏಕೆಂದರೆ ಇರುಳಿನಲ್ಲಿ ದಾರಿ ಪ್ರಾಣಿಗಳದು. ಮಲಗುವ ಮುನ್ನ ಬೆಂಕಿ ಆರಿಸಬೇಕು. ಜನ ನಡೆಯುವ ದಾರಿಯನ್ನೂ ಕೂರುವ ನೆರಳನ್ನೂ ಹೊಲಸು ಮಾಡಬಾರದು. ಇವೆಲ್ಲ ನಾವು ಮತ್ತೆ ಎಂದೂ ಕಾಣದಿರುವವರ ಹಕ್ಕುಗಳು! ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆಯೂ ಅಪರಾಧ.

ಆ ಹುಡುಗರು ಹಾದುಹೋದ ಸೊರಬದಲ್ಲೇ ಇದಕ್ಕೆ ಪಾಠವಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಆ ಒಂದೇ ತಾಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಹಳ್ಳಿಯ ಜನ ಕಾನಿನಿಂದ ಮೆಣಸು ಕೊಯ್ದರು, ಬಗನಿಯ ಹೆಂಡ ಇಳಿಸಿದರು. ಆದರೆ ಕಾನನ್ನು ಉಳಿಸಿದರು. ಅದರ ಒರತೆಯ ನೀರು ಕೆಳಗಿನ ಗದ್ದೆಗೆ ಬೇಕೆಂಬ ಅರಿವು ಅವರಿಗಿತ್ತು. ಬಳಸುವುದು ಬೇರೆ, ಹಾಳುಮಾಡುವುದು ಬೇರೆ.

"ನಾನು ತೌಬಾ ಮಾಡಿದ್ದೇನೆ ಮಾಮೂ" ಎಂದ ಹುಡುಗ. ಅಲ್ಲಾಹನು ಕ್ಷಮಾಶೀಲನು, ಸಂಶಯವಿಲ್ಲ. ಆದರೆ ಮನುಷ್ಯನ ಹಕ್ಕಿಗೆ ಚ್ಯುತಿ ಬಂದಾಗ ಆ ಮನುಷ್ಯನ ಕ್ಷಮೆಯೂ ಬೇಕು. ಆ ವೃದ್ಧರ ಹೆಸರನ್ನಾದರೂ ಕೇಳಿದ್ದಿರಾ ಎಂದೆ. ಅವನು ತಲೆ ತಗ್ಗಿಸಿದ.

ಮರುವಾರ ಹೊಸ ಪಂಚೆಯೊಂದನ್ನು ಕಟ್ಟಿಕೊಂಡು ಒಬ್ಬನೇ ಅದೇ ದಾರಿ ಹಿಡಿದ. ಗೌಳಿಗಳ ಮನೆಗಳಲ್ಲಿ ವಿಚಾರಿಸಿ ಅವರನ್ನು ಕಂಡು ಬಂದ. ಈ ಸಲ ಪ್ರಯಾಣದ ವರ್ಣನೆ ಮಾಡಲಿಲ್ಲ. "ಚಹಾ ಕೊಟ್ಟರು ಮಾಮೂ" ಎಂದನಷ್ಟೇ.

ಸಹೋದರ ಸಹೋದರಿಯರೇ, ನಮ್ಮ ಮಕ್ಕಳು ಪ್ರಯಾಣ ಹೋಗಲಿ. ಅಲ್ಲಾಹನ ಸೃಷ್ಟಿಯನ್ನು ನೋಡಲಿ. ಹೊರಡುವಾಗ ಬುತ್ತಿಯ ಜೊತೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಡೋಣ: ನೀನು ಡೇರೆ ಕಿತ್ತ ಮೇಲೆ ಅಲ್ಲಿಗೆ ಬರುವವರಿಗೆ ಏನು ಉಳಿದಿರುತ್ತದೆ?