ತಿದ್ದುವ ಕೈ



ಪವಿತ್ರ ಗ್ರಂಥವು ಬೋಧಿಸಲು, ಖಂಡಿಸಲು, ತಿದ್ದಲು, ನೀತಿಯಲ್ಲಿ ಪಳಗಿಸಲು ಉಪಯುಕ್ತ ಎಂದು ಸಂತ ಪೌಲರು ತಿಮೊಥೇಯನಿಗೆ ಬರೆಯುತ್ತಾರೆ (2 ತಿಮೊ 3:16). ಇಲ್ಲಿ 'ತಿದ್ದುವುದು' ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ 'ಎಪನೊರ್ಥೋಸಿಸ್'. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ. ಅದರೊಳಗಿನ 'ಓರ್ಥೊಸ್' ಎಂದರೆ ನೆಟ್ಟಗಿರುವುದು. ಮೂಳೆ ಡಾಕ್ಟರ ಬೋರ್ಡಿನ ಮೇಲೆ 'ಆರ್ಥೋ' ಎಂದಿರುತ್ತದಲ್ಲ, ಅದೇ. ಬಿದ್ದದ್ದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಎಪನೊರ್ಥೋಸಿಸ್. ಖಂಡಿಸುವುದಕ್ಕೆ ಪೌಲರು ಬೇರೆ ಪದವನ್ನೇ ಬಳಸಿದ್ದಾರೆ. ನಾವು ಮಾತ್ರ ಖಂಡಿಸಿ, ತಿದ್ದಿದೆವು ಅಂದುಕೊಳ್ಳುತ್ತೇವೆ.

ನಾನು ಮಾಡಿದ್ದೂ ಅದನ್ನೇ. ನಮ್ಮ ಸಿರ್ಗಾಪುರದ ಕಡೆ ಮನೆಮಾತು ಕನ್ನಡವಾದರೂ ಮಕ್ಕಳು ಓದುವುದು ತೆಲುಗು. ಕಳೆದ ತಿಂಗಳು ಪೂಜೆಯಲ್ಲಿ ಒಬ್ಬ ಹುಡುಗಿ ಮೊದಲನೆಯ ವಾಚನ ಓದುವಾಗ ಮೂರು ಸಲ ತಡವರಿಸಿದಳು. ಮೂರನೆಯ ಸಲ ನಾನು ಬೆಂಚಿನಿಂದಲೇ, ಎಲ್ಲರಿಗೂ ಕೇಳುವಂತೆ, "ಹಂಗಲ್ಲ, ಹಿಂಗ" ಅಂದೆ. ಉಚ್ಚಾರಣೆ ಸರಿಹೋಯಿತು. ಹುಡುಗಿ ಮುಂದಿನ ಎರಡು ಭಾನುವಾರ ಬರಲಿಲ್ಲ.

ಸಹೋದರ ತಪ್ಪಿದರೆ ಮೊದಲು ನೀವಿಬ್ಬರೇ ಇರುವಾಗ ಹೇಳು ಎಂದು ಪ್ರಭು ಯೇಸು ಕಲಿಸಿದ್ದಾರೆ (ಮತ್ತಾ 18:15). ಯುವಜನರ ಕೂಟದಲ್ಲಿ ಈ ವಚನವನ್ನು ವಿವರಿಸಿದವನೂ ನಾನೇ! ಇನ್ನು ಸಂತ ಲೂಕರ 13ನೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಾಗಿದ್ದ ಒಬ್ಬ ಹೆಂಗಸು ಬರುತ್ತಾಳೆ. ಅವಳು ನೆಟ್ಟಗಾದಳು ಎನ್ನುವಲ್ಲಿಯೂ ಗ್ರೀಕಿನಲ್ಲಿ ಇದೇ ಮೂಲದ ಕ್ರಿಯಾಪದ. ಯೇಸುಸ್ವಾಮಿ ಅವಳನ್ನು ಹತ್ತಿರ ಕರೆದು, ಮೇಲೆ ಕೈಯಿಟ್ಟರು. ದೂರದಿಂದ "ನೆಟ್ಟಗೆ ನಿಲ್ಲು" ಅನ್ನಲಿಲ್ಲ.

ನಮ್ಮ 'ತಿದ್ದು' ಪದದಲ್ಲೂ ಕೈ ಇದೆ. ಹಿಂದೆ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಪುಟ್ಟ ಬೆರಳನ್ನು ಹಿಡಿದು ಅಕ್ಷರದ ಮೇಲೆ ಆಡಿಸುವವರು ಪಕ್ಕದಲ್ಲೇ ಕೂತಿರುತ್ತಿದ್ದರು.

ಹುಡುಗಿಯ ಮನೆಗೆ ಹೋದೆ. "ಅಕಿ ಇನ್ನ ಓದಂಗಿಲ್ಲ ಅಂತಾಳ್ರಿ" ಅಂದರು ತಾಯಿ. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಒಂದು ನೋಟ್‌ಬುಕ್ ತಂದು ತೋರಿಸಿದಳು. ಆ ದಿನದ ವಾಚನವನ್ನೆಲ್ಲ ತೆಲುಗು ಲಿಪಿಯಲ್ಲಿ ಬರೆದುಕೊಂಡು ಬಂದಿದ್ದಳು, ಒಂದು ಸಾಲೂ ಬಿಡದೆ. ನನಗೆ ಇದು ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ.

ಅವಳು ಪೂಜೆಗೆ ಬರುತ್ತಿದ್ದಾಳೆ. ವಾಚನಕ್ಕೆ ಇನ್ನೂ ಒಪ್ಪಿಲ್ಲ. ಶನಿವಾರ ಸಂಜೆ ಅವರ ಮನೆಯಲ್ಲೇ ನಾಲ್ಕೈದು ಮಕ್ಕಳು ಕೂತು ಓದುತ್ತೇವೆ. ಚೆನ್ನಾಗಿ ಕನ್ನಡ ಓದಬಲ್ಲ ಹಿರಿಯರು ಬಂದು ಪಕ್ಕದಲ್ಲಿ ಕೂತರೆ ಉಪಕಾರವಾಗುತ್ತದೆ.