ಕಾಶಿಯಲ್ಲಿ ಬಿಟ್ಟದ್ದು

ಅಮ್ಮ ಸೀತಾಫಲ ಬಿಟ್ಟಳು, ಹೀರೇಕಾಯಿ ಬಿಟ್ಟಳು. ಎರಡೂ ಅವಳಿಗೆ ಪ್ರಾಣ. ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಗಯೆಯಲ್ಲಿ ಬಿಡುವುದೇ ಸರಿ ಎನ್ನುವವರಿದ್ದಾರೆ. ನಮ್ಮ ಮನೆಯಲ್ಲಿ ಮೊದಲಿಂದಲೂ ಗಂಗೆಯ ದಡದಲ್ಲೇ. ಅಣ್ಣನ ಅಸ್ಥಿಯನ್ನು ನೀರಿಗೆ ಬಿಟ್ಟಾಗಿತ್ತು. ಕರ್ನಾಟಕ ಘಾಟಿನ ಮೆಟ್ಟಿಲ ಮೇಲೆ ಒದ್ದೆ ಸೆರಗು ಹಿಂಡುತ್ತಾ ಅವಳು ಕೇಳಿದಳು: "ನೀನೇನು ಬಿಡ್ತೀಯೋ?"

ಉತ್ತರ ನನ್ನ ಬಾಯಿತನಕ ಬಂದು ನಿಂತಿತು. ಮೂವತ್ತು ವರ್ಷದಿಂದ ಪತ್ತೇದಾರಿ ಕತೆ ಬರೆದು ಬದುಕಿದವನು ನಾನು. ಅಣ್ಣ (ತಂದೆಯನ್ನು ನಾವು ಕರೆಯುತ್ತಿದ್ದುದು ಹಾಗೆ) ಸಂಸ್ಕೃತದ ಮೇಷ್ಟ್ರು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಲ್ಲಿ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಭಾಷ್ಯಪಾಠಕ್ಕೆ ಕೂತವರು. ನನ್ನ ಒಂದು ಪುಸ್ತಕವನ್ನೂ ಅವರು ತೆರೆಯಲಿಲ್ಲ. ಒಂದೇ ಒಂದು ಸಲ ಊಟದ ಎಲೆಯ ಮುಂದೆ ಹೇಳಿದ್ದರು: "ಹಗ್ಗಾನ ಹಾವು ಅಂತ ತೋರಿಸೋ ಕೆಲಸ ನಿಂದು. ಸುಳ್ಳಿಗೆ ಇಡೀ ಆಯಸ್ಸು ಯಾಕೋ ಕೊಡ್ತೀಯ?" ಕೋಪ ಇರಲಿಲ್ಲ ಆ ಮಾತಿನಲ್ಲಿ, ಸಂಕಟ ಇತ್ತು. ಅವರ ಅಸ್ಥಿ ಹಿಡಿದು ರೈಲು ಹತ್ತಿದಾಗ ನಾನು ಬಿಡಬೇಕಾದ್ದು ಹಣ್ಣಲ್ಲ, ಈ ಬರವಣಿಗೆಯೇ ಎಂದುಕೊಂಡೇ ಬಂದಿದ್ದೆ.

"ನಾಳೆ ಹೇಳ್ತೀನಮ್ಮ" ಎಂದೆ.

ಕರ್ನಾಟಕ ಘಾಟಿನ ಪಕ್ಕದ್ದೇ ಹರಿಶ್ಚಂದ್ರ ಘಾಟು. ನಮ್ಮ ಮೆಟ್ಟಿಲಿಂದ ಚಿತೆಯ ಹೊಗೆ ಕಾಣುತ್ತದೆ, ಸೌದೆ ಸಿಡಿಯುವುದು ಕೇಳುತ್ತದೆ. ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿ ಸುಡುಗಾಡು ಕಾದವನ ಹೆಸರಿನ ಜಾಗದಲ್ಲಿ ಕಟ್ಟುಕತೆಗಾರ ಏನು ಹೇಳಿಯಾನು? ಆ ರಾತ್ರಿ ಛತ್ರದಲ್ಲಿ ನಿದ್ದೆ ಹತ್ತಲಿಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಪಿಯುಸಿಯಲ್ಲಿ ಓದಿದ್ದು, ಆಮೇಲೆ ಎಷ್ಟೋ ಸಲ ಓದಿದ್ದು. ಆದರೆ ಅಂದು ಮೊದಲ ಬಾರಿಗೆ ನನಗೆ ವಿಶ್ವಾಮಿತ್ರ ಕಂಡ.

ಕಾಡುಮೃಗಗಳನ್ನು ಸೃಷ್ಟಿಸಿ ನಾಡಿಗೆ ನುಗ್ಗಿಸುವವನು ಅವನು. ಹಾಡುವ ಹೊಲತಿಯರನ್ನು ಸೃಷ್ಟಿಸಿ ರಾಜನೆದುರು ನಿಲ್ಲಿಸುವವನೂ ಅವನೇ. ಸಾಲದ ಗಡುವು, ಹಾವಿನ ಕಡಿತ, ಚಂದ್ರಮತಿಯ ಮೇಲೆ ಬಂದ ಕೊಲೆಯ ಆರೋಪ, ಒಂದಾದ ಮೇಲೊಂದು ಹೆಣೆಯುತ್ತಾನೆ. ನನ್ನ ಕಸುಬಿನವರು ಮಾಡುವುದೂ ಇದೇ ಅಲ್ಲವೆ? ಅಷ್ಟೆಲ್ಲ ಕಟ್ಟಿದ್ದರಿಂದಲೇ ಹರಿಶ್ಚಂದ್ರನ ಒಳಗಿನ ಸತ್ಯ ಲೋಕಕ್ಕೆ ಕಂಡದ್ದು. ಕೊನೆಗೆ ಕಾಶಿಯ ವಿಶ್ವನಾಥನೇ ಪ್ರತ್ಯಕ್ಷನಾಗಿ ಎಲ್ಲ ಬಿಚ್ಚಿಕೊಂಡಾಗ ಯಾವ ಗಂಟೂ ಉಳಿಯುವುದಿಲ್ಲ.

ಇನ್ನೊಂದು ಸಂಗತಿಯೂ ಹೊಳೆಯಿತು. ಹರಿಶ್ಚಂದ್ರನ ಸತ್ಯ ಎಂದರೆ ನಡೆದದ್ದನ್ನು ನಡೆದ ಹಾಗೆ ವರದಿ ಮಾಡುವುದಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ನಾವು ಕನ್ನಡದಲ್ಲಿ ಮಾತು ತಪ್ಪಿದವನನ್ನು ಸುಳ್ಳುಗಾರ ಎನ್ನುತ್ತೇವೆ. ಹಸು ಹುಲಿಯೊಡನೆ ಮಾತಾಡಿತು ಎಂದು ಹಾಡಿದವನನ್ನು ಅನ್ನುವುದಿಲ್ಲ.

ರಾಘವಾಂಕನಿಗೂ ಮನೆಯೊಳಗೇ ವಿರೋಧವಿತ್ತು. ಶಿವಭಕ್ತರನ್ನು ಬಿಟ್ಟು ಮರ್ತ್ಯ ರಾಜನನ್ನು ಹಾಡಿದನೆಂದು ಗುರುವೂ ಸೋದರಮಾವನೂ ಆದ ಹರಿಹರ ಪಾದುಕೆಯಿಂದ ಹೊಡೆದು ಹಲ್ಲು ಉದುರಿಸಿದನಂತೆ. ಶರಣರ ಕಾವ್ಯ ಬರೆದ ಮೇಲೆ ಹಲ್ಲು ಬಂದವಂತೆ. ಐತಿಹ್ಯ ಏನೇ ಹೇಳಲಿ, ಕನ್ನಡಿಗರು ಎದೆಯಲ್ಲಿ ಉಳಿಸಿಕೊಂಡದ್ದು ಆ ಹರಿಶ್ಚಂದ್ರನನ್ನೇ.

ಮರುದಿನ ಗೋದೌಲಿಯಾದ ಪುಸ್ತಕದಂಗಡಿಯಲ್ಲಿ 'ಚಂದ್ರಕಾಂತಾ' ಕೊಂಡೆ. ನನ್ನ ಹಿಂದಿ ಕುಂಟುತ್ತದೆ, ಆದರೂ ಬೇಕಿತ್ತು. ದೇವಕೀನಂದನ್ ಖತ್ರಿ ಈ ಊರಿನವರಾಗಿ ಬಾಳಿದವರು. 1861ರಲ್ಲಿ ಬಿಹಾರದಲ್ಲಿ ತಾಯಿಯ ತವರಲ್ಲಿ ಹುಟ್ಟಿ, ಕಾಶಿಗೆ ಬಂದು, ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದರು. ಮರ ಲೆಕ್ಕ ಹಾಕಲು ಹೋದವರು ಪಾಳು ಕೋಟೆ, ಗುಹೆ, ಕಣಿವೆಗಳಲ್ಲಿ ಅಲೆದರು. ಗುತ್ತಿಗೆ ಹೋಯಿತು, ಕಾಡು ತಲೆಯಲ್ಲಿ ಉಳಿಯಿತು. 1888ರಲ್ಲಿ 'ಚಂದ್ರಕಾಂತಾ' ಬರತೊಡಗಿತು. ಆಮೇಲೆ 24 ಭಾಗಗಳ 'ಚಂದ್ರಕಾಂತಾ ಸಂತತಿ'. 1898ರಲ್ಲಿ ತಮ್ಮದೇ ಲಹರಿ ಪ್ರೆಸ್ ಹಾಕಿದರು. ಈ ಕತೆ ಓದಲೆಂದೇ ಎಷ್ಟೋ ಜನ ನಾಗರಿ ಲಿಪಿ ಕಲಿತರು. ಕಾಶಿಯಲ್ಲೇ ಪಾಠ ಹೇಳುತ್ತಿದ್ದ ರಾಮಚಂದ್ರ ಶುಕ್ಲರು ತಮ್ಮ ಸಾಹಿತ್ಯ ಚರಿತ್ರೆಯಲ್ಲಿ ಇವನ್ನು ಸಾಹಿತ್ಯದ ಪಂಕ್ತಿಗೆ ಸೇರಿಸಲಿಲ್ಲ. ಆದರೆ ಹಿಂದಿಗೆ ಇಷ್ಟು ಓದುಗರನ್ನು ಮತ್ತೊಬ್ಬರು ತಂದಿಲ್ಲವೆಂದು ಒಪ್ಪಿದರು. ನಮ್ಮಲ್ಲಿ ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದ ಎನ್. ನರಸಿಂಹಯ್ಯನವರಿಗೂ ಹೀಗೇ ಆಯಿತು. ಓದುಗರನ್ನು ಕೊಟ್ಟವರಿಗೆ ಪಂಕ್ತಿಯಲ್ಲಿ ಎಲೆ ಹಾಕದಿರುವುದು ಅನ್ಯಾಯ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಖತ್ರಿಯವರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅವರ 'ತಿಲಿಸ್ಮ್', ಅಂದರೆ ನಿಧಿ ಕಾಯುವ ಮಾಯಾಕೋಟೆ, ನೋಡಿದರೆ ಮಾಟದ ಮನೆ. ಕಲ್ಲಿನ ಕೊಕ್ಕರೆ ಬಾಯಿ ತೆರೆದು ಮನುಷ್ಯರನ್ನು ನುಂಗುತ್ತದೆ. ಆದರೆ ಅಲ್ಲಿ ದೆವ್ವವಿಲ್ಲ, ಮಂತ್ರವಿಲ್ಲ. ಎಲ್ಲದರ ಹಿಂದೆ ಕೀಲು, ಸುರಂಗ, ರಸಾಯನ, ಯಾರೋ ಜಾಣನ ಕೈಕೆಲಸ. ವೇಷ ಬದಲಿಸುವ ಐಯಾರ್‌ನ ಜೋಳಿಗೆಯಲ್ಲಿ ಇರುವುದೂ ಬಣ್ಣ, ಪ್ರಜ್ಞೆ ತಪ್ಪಿಸುವ ಪುಡಿ, ಎಚ್ಚರಿಸುವ ಲಖಲಖಾ. ಇಂಥದ್ದೆಲ್ಲ ಸಾಧ್ಯವೇ ಎಂದು ಆಗಲೂ ಟೀಕೆ ಬಂತು. ಖತ್ರಿ ಉತ್ತರ ಕೊಟ್ಟರು, ತಪ್ಪಿಸಿಕೊಳ್ಳಲಿಲ್ಲ. 'ಚಂದ್ರಕಾಂತಾ' ಬರತೊಡಗಿದ ನಲವತ್ತೊಂದು ವರ್ಷದ ಮೇಲೆ, 1929ರಲ್ಲಿ, ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದರು: ಅತಿಮಾನುಷ ಶಕ್ತಿ ಕೂಡದು, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗನಿಗೂ ಸಿಗಬೇಕು. ನಾಕ್ಸ್ ಕ್ಯಾಥೊಲಿಕ್ ಪಾದ್ರಿ. ದೇವರನ್ನು ನಂಬಿದ ಮನುಷ್ಯ ಕತೆಯಲ್ಲಿ ಪವಾಡ ಬೇಡವೆಂದದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಅಣ್ಣನ ಹಾವು–ಹಗ್ಗಕ್ಕೆ ಆಗ ಉತ್ತರ ಸಿಕ್ಕಿತು, ಅದೂ ಅವರದೇ ಪಾಠದಿಂದ. ಮೊದಲು ಇಲ್ಲದ್ದನ್ನು ಇದೆಯೆಂದು ಆರೋಪಿಸಿ ಹೇಳು, ಆಮೇಲೆ ಅದನ್ನು ತೆಗೆದುಹಾಕು: ಅಧ್ಯಾರೋಪ, ಅಪವಾದ. ವೇದಾಂತವನ್ನು ಬೋಧಿಸುವ ಕ್ರಮವೇ ಇದೆಂದು ಸಚ್ಚಿದಾನಂದೇಂದ್ರ ಸ್ವಾಮಿಗಳು ಬದುಕಿಡೀ ಸಾಧಿಸಿದರು. ನನ್ನ ನೋಟ್‌ಪುಸ್ತಕ ಇರುವುದೂ ಹಾಗೆಯೇ. ಹಾಳೆಯ ನಡುವೆ ಗೆರೆ. ಎಡಕ್ಕೆ ನಿಜವಾಗಿ ನಡೆದದ್ದು, ಗಂಟೆ ನಿಮಿಷದ ಸಮೇತ. ಬಲಕ್ಕೆ ಓದುಗನಿಗೆ ಕಾಣುವುದು. ಎಡಭಾಗ ಪೂರ್ತಿ ತುಂಬದೆ ಬಲಭಾಗದಲ್ಲಿ ಒಂದಕ್ಷರ ಬರೆಯುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಎರಡೂ ಕೂಡಬೇಕು. ಹಾವು ತೋರಿಸಿದವನು ದೀಪ ತಂದರೆ ಅದು ಸುಳ್ಳಲ್ಲ. ದೀಪ ತರುತ್ತೇನೆ ಎಂಬುದೇ ಅವನು ಕೊಟ್ಟ ಮಾತು.

ಚಿತ್ರಕತೆಯವರ ಮಾತು ಬೇರೆಯಾಗಿದ್ದರೂ ಇದರ ಹತ್ತಿರದ್ದೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಅಮರ ಚಿತ್ರ ಕಥೆಯಲ್ಲಿ ಕೃಷ್ಣ ಹನ್ನೊಂದನೆಯ ಪುಸ್ತಕ. ಕೃಷ್ಣನ ಮುಖ ಹೀಗೇ ಎಂದು ಕಂಡು ಬಂದವರು ಯಾರು? ಬರೆದ ಗೆರೆಗೆ ಮಕ್ಕಳು ಕೈಮುಗಿದರು. ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ ನಡೆಯುವುದನ್ನು ಓದುವ ಮಗುವೇ ತುಂಬಿಕೊಳ್ಳುತ್ತದೆ. ಗಂಗೆಯ ಆಚೆ ರಾಮನಗರದ ರಾಮಲೀಲೆಯಲ್ಲೂ ಊರಿನ ಹುಡುಗನ ತಲೆಗೆ ಕಿರೀಟ ಇಡುತ್ತಲೇ ಅವನು ಸ್ವರೂಪ, ಸಾಕ್ಷಾತ್ ರಾಮ. ನೋಡುವವರಿಗೆ ಅವನು ಯಾರ ಮಗನೆಂದು ಗೊತ್ತು. ಗೊತ್ತಿದ್ದೂ ಕೈ ಮುಗಿಯುತ್ತಾರೆ. ಮೋಸ ಹೋದವರಲ್ಲ ಅವರು.

ಹಾಗಾದರೆ ನನಗೆ ಬಿಡಲು ಏನೂ ಇರಲಿಲ್ಲವೆ? ಇತ್ತು.

ಎಷ್ಟೋ ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಮಲೆನಾಡಿನ ಒಂದು ಸಣ್ಣ ಊರು, ಸತ್ತ ಡಾಕ್ಟರು, ಕೊಂದವನು ಅವರ ಕಾಂಪೌಂಡರ್. ಹದಿನೆಂಟನೇ ವಾರಕ್ಕೆ ಓದುಗರ ಪತ್ರಗಳು ಬಂದವು. ಹಲವರು ಕಾಂಪೌಂಡರನನ್ನೇ ಹೆಸರಿಸಿದ್ದರು. ನನಗೆ ಸೋತಂತಾಯಿತು. ಎರಡು ರಾತ್ರಿ ಕೂತು ಕೊನೆ ಬದಲಿಸಿದೆ. ಒಂದೇ ಸಲ ಬಂದು ಹೋಗಿದ್ದ ದೂರದ ನೆಂಟನನ್ನು ಕೊಲೆಗಾರ ಮಾಡಿದೆ. ಅವನತ್ತ ಬೆರಳು ಮಾಡುವ ಒಂದು ಸುಳಿವೂ ಹಿಂದಿನ ಕಂತುಗಳಲ್ಲಿ ಇರಲಿಲ್ಲ. ಎಲ್ಲರೂ ಬೆರಗಾದರು. ಪುಸ್ತಕವಾಗಿ ಮೂರು ಸಲ ಅಚ್ಚಾಯಿತು. ಒಬ್ಬ ಹೆಣ್ಣುಮಗಳು ಮಾತ್ರ ಪೋಸ್ಟ್‌ಕಾರ್ಡ್ ಬರೆದಿದ್ದಳು: "ನಾನು ಹದಿನೆಂಟು ವಾರ ಲೆಕ್ಕ ಇಟ್ಟು ಓದಿದೆ. ನೀವು ನನಗೆ ಮೋಸ ಮಾಡಿದಿರಿ." ಆ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ.

ನನ್ನ ಎಲ್ಲ ಕಟ್ಟುಕತೆಗಳಲ್ಲಿ ಸುಳ್ಳು ಅದೊಂದೇ.

ಎರಡನೇ ಸಂಜೆ ಅದೇ ಮೆಟ್ಟಿಲ ಮೇಲೆ ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಪಕ್ಕದ ಘಾಟಿನಲ್ಲಿ ಮೂರು ಚಿತೆ ಉರಿಯುತ್ತಿದ್ದವು. ಅವಳು ಕೊನೆಯವರೆಗೂ ಕೇಳಿ, "ಆ ಹುಡುಗಿಗೆ ಅನ್ಯಾಯ ಆಯ್ತು ಕಣೋ. ಅದನ್ನೇ ಬಿಡು, ಸಾಕು" ಎಂದಳು. ಬೊಗಸೆ ನೀರೆತ್ತಿ ಬಿಟ್ಟೆ.

ಊರಿಗೆ ಬಂದು ಆ ಕಾದಂಬರಿಯ ಕೊನೆಯ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆದಿದ್ದೇನೆ. ನಾಲ್ಕನೇ ಮುದ್ರಣ ಅಚ್ಚಿಗೆ ಹೋಗಿದೆ. ಡಾಕ್ಟರನ್ನು ಕೊಂದವನು ಕಾಂಪೌಂಡರೇ.