ವೈಭವ ಯಾರದ್ದು?

ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ನಿಪ್ಪಾಣಿಯಿಂದ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪ್ ಮಾಡಿದ. ಆರು ಫೋಟೊ, ಜೊತೆಗೊಂದು ವಾಯ್ಸ್ ನೋಟ್: 'ತಮ್ಮಾ, ಹಳೇ ತಂಬಾಕ ವಖಾರಿ ಲೀಸ್‌ಗೆ ತಗೊಂಡೀನಿ. ಡಿಪಾರ್ಟ್‌ಮೆಂಟಲ್ ಸ್ಟೋರ್ ಮಾಡಾವ. ಒಳಗ ಬರೂವಾಗ ಗ್ವಾಡಿ ಮ್ಯಾಲೆ ನಾಕ ಸಾಲ ಬೇಕು, ಹೆರಿಟೇಜ್ ಅನ್ನೂಹಂಗ. ನೀ ಬರದ ಕೊಡು, ಮರಾಠಿ ನಾ ಮಾಡಿಸ್ತೀನಿ.'

ಬೆಂಗಳೂರಲ್ಲಿ ನನ್ನ ಕೆಲಸವೇ ಕಂಪನಿಗಳಿಗೆ ಇಂಥ ಸಾಲು ಬರೆದು ಕೊಡೋದು. ಹತ್ತು ನಿಮಿಷದಲ್ಲಿ ಮುಗಿಸಿದೆ. ದಪ್ಪ ಗೋಡೆ, ಮರದ ತೊಲೆ, 'ಒಂದು ಕಾಲದ ವೈಭವ', ಎಲ್ಲ ಬಂತು. ಕಳಿಸುವ ಮುಂಚೆ ಸುಮ್ಮನೆ ಅತ್ತಿಗೆ ಫೋನಲ್ಲಿ ಓದಿದೆ. ಮದುವೆಗೆ ಮುಂಚಿನಿಂದ ಕೈಯಲ್ಲಿ ಆಗೋವರೆಗೂ ಅವರು ದುಡಿದದ್ದು ನಿಪ್ಪಾಣಿಯ ವಖಾರಿಗಳಲ್ಲೇ.

ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: 'ವೈಭವ ಯಾರದಪಾ?'

ಆ ಸಾಲು ಕಳಿಸಲಾಗಲಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಮಾತ್ರ ನಿಪ್ಪಾಣಿ ನೋಡಿದವರಿಗೆ ಸ್ವಲ್ಪ ಹೇಳಬೇಕು. ಇದು ಬೀಡಿ ತಂಬಾಕಿನ ಊರು. ಸುತ್ತಲಿನ ಹೊಲಗಳಲ್ಲಿ ಒಣಗಿದ ತಂಬಾಕು ವಖಾರಿಗೆ ಬರೋದು. ಅಲ್ಲಿ ಹೆಂಗಸರು ಅದನ್ನು ಕುಟ್ಟಿ, ಜರಡಿ ಹಿಡಿದು, ಕಡ್ಡಿ ಬೇರೆ, ಪುಡಿ ಬೇರೆ ಮಾಡೋರು. ಮುಖಕ್ಕೆ ಸೀರೆಯ ಸೆರಗೇ ಮಾಸ್ಕು. ಅತ್ತಿ ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಆ ಘಾಟು ಹೋಗುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಅಪ್ಪನ ಹೈಸ್ಕೂಲ್ ಫೀ ಕಟ್ಟಿದ್ದು ಅದೇ ಘಾಟಿನ ಪಗಾರ. ಅಂದರೆ ನಾನು ಇಲ್ಲಿ ಎ.ಸಿ. ಕೋಣೆಯಲ್ಲಿ ಕೂತಿರುವುದರ ಮೊದಲ ಕಂತು ಅತ್ತಿಯ ಕೆಮ್ಮು.

ಅವರು ಸುಮ್ಮನೆ ಸಹಿಸಿಕೊಂಡೂ ಇರಲಿಲ್ಲ. 1980ರ ಆಸುಪಾಸಿನಲ್ಲಿ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿ ಮುಷ್ಕರಕ್ಕೆ ಇಳಿದರು. ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ ತಂಡ ಆ ಹೆಂಗಸರ ಜೊತೆ ಸೇರಿ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಅನ್ನೋ ಸಾಕ್ಷ್ಯಚಿತ್ರವನ್ನೇ ಮಾಡಿತು. ನಡುವೆ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ತಂಬಾಕಿಗೆ ಸರಿಯಾದ ಬೆಲೆ ಕೇಳಿ ಇದೇ ಹೆದ್ದಾರಿ ತಡೆದರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಸತ್ತರು. ವಖಾರಿಯ ಒಳಗೂ ಹೊರಗೂ ಒಂದೇ ಪ್ರಶ್ನೆ ಇತ್ತು: ದುಡಿದದ್ದು ಯಾರು, ಕೂಡಿಟ್ಟದ್ದು ಯಾರು?

ಹಾಗಾದರೆ ಅಲ್ಲಿ ಅಂಗಡಿ ಮಾಡೋದೇ ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಬೀಗ ಹಾಕಿದ ಕಟ್ಟಡ ಯಾರ ನೆನಪನ್ನೂ ಕಾಯಲ್ಲ, ಪಾರಿವಾಳ ಕಾಯುತ್ತದೆ ಅಷ್ಟೆ. ಈಗ ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲಿ ನೋಡಿದರೂ ಕಬ್ಬು. ವಖಾರಿಗೆ ಹಳೇ ಕೆಲಸ ವಾಪಸ್ ಬರಲ್ಲ, ಬರಲೂಬಾರದು. ಕೆಡವಿ ಹೊಸದು ಕಟ್ಟುವ ಬದಲು ಇದ್ದ ಗೋಡೆ, ಇದ್ದ ತೊಲೆ ಬಳಸುವುದು ಜಾಣತನ. ನೋವು ತಿಂದ ಜಾಗದಲ್ಲಿ ವ್ಯಾಪಾರ ಕೂಡದು ಅಂತ ಹೊರಟರೆ ನಮ್ಮೂರುಗಳಲ್ಲಿ ಕಾಲಿಡಲು ಜಾಗ ಉಳಿಯೋದಿಲ್ಲ.

ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ನೀವೂ ಹೋಗಿರುತ್ತೀರಿ. ಅದು ನಿಂತಿರೋದು ರಾಜಾ ಮಿಲ್ ಜಾಗದಲ್ಲಿ. ಮುಂಬೈಯ ಫೀನಿಕ್ಸ್ ಮಾಲ್ ಇರೋದು ಫೀನಿಕ್ಸ್ ಮಿಲ್ ಆವರಣದಲ್ಲಿ. 1982ರ ದೊಡ್ಡ ಮುಷ್ಕರ ಕಂಡ ಗಿರಣಿಗಳ ಸೀಮೆ ಅದು. ಅಲ್ಲಿ ಪಾಪ್‌ಕಾರ್ನ್ ತಿಂದದ್ದಕ್ಕೆ ನಾನು ತಪ್ಪಿತಸ್ಥ ಅಲ್ಲ. ಆದರೆ 'ಒಂದು ಕಾಲದ ವೈಭವ' ಅಂತ ಬರೆದರೆ ಆಗ ಆಗುತ್ತೇನೆ. ಮರೆಯೋದು ಬೇರೆ, ಸುಳ್ಳು ಬರೆದು ಅದರ ಮೇಲೆ ಸಾಮಾನು ಮಾರೋದು ಬೇರೆ. ಮರೆತದ್ದನ್ನು ಯಾರಾದರೂ ನೆನಪಿಸಬಹುದು. ಗೋಡೆ ಮೇಲೆ ಚೆಂದಗೆ ಕೂತ ಸುಳ್ಳು ನೆನಪು ಬರಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ.

ಇಷ್ಟನ್ನು ಅಣ್ಣನಿಗೆ ಹೇಳಿದೆ. ಅವನ ಮಾತೂ ತೆಗೆದುಹಾಕುವಂಥದ್ದಲ್ಲ. 'ಸಕ್ಕರಿ, ಸಬಕಾರ ತಗೊಳ್ಳಾಕ ಬಂದಾವ್ರಿಗೆ ಕಣ್ಣೀರ ಯಾಕ ಹಂಚಲಿ? ನಾ ಏನ್ ತಂಬಾಕ ಸಾವಕಾರನ? ಬ್ಯಾಂಕಿನ ಸಾಲ ಐತಿ ನನ್ನ ತಲಿ ಮ್ಯಾಲೆ.' ನಿಜ. ಹಳೇ ಮಾಲೀಕರ ಲೆಕ್ಕ ಇವನು ಯಾಕೆ ತೀರಿಸಬೇಕು?

ಮತ್ತೆ ಅತ್ತಿಗೇ ಫೋನ್ ಮಾಡಿದೆ. ನಿಮ್ಮಂಥವರ ಹೆಸರು ಗೋಡೆ ಮೇಲೆ ಬರೆಸೋಣವಾ ಅಂತ ಕೇಳಿದೆ. ಒಳಗೊಳಗೇ ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನೋ ಹಮ್ಮು ಬೇರೆ.

'ಹೆಸರ ತಗೊಂಡ ಏನ್ ಮಾಡೂದೈತಿ?' ಅಂದರು. 'ನಾವು ಧೂಳಾಗ ಕುಂತ ದುಡದ್ವಿ. ಈಗಿನ ಅಂಗಡ್ಯಾಗ ಹುಡಗ್ಯಾರು ದಿನಾ ಪೂರ್ತಿ ನಿಂತ ದುಡೀತಾರ. ಕಾಲ ಬಾತಿರ್ತಾವ. ಅವರಿಗೊಂದೊಂದ ಸ್ಟೂಲ್ ಹಾಕ್ಸು ಅನ್ನು ನಿಮ್ಮ ಅಣ್ಣಗ.'

ಅಂಗಡಿಯಲ್ಲಿ ನಿಂತವರ ಕಾಲು ನಾನು ಯಾವತ್ತೂ ನೋಡಿರಲಿಲ್ಲ. ಹುಡುಕಿದಾಗ ಗೊತ್ತಾಯಿತು, ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಇದಕ್ಕೇ ಹೋರಾಡಿದ್ದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು, ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕಾನೂನು ತಿದ್ದಿದವು. ಕೂರುವುದಕ್ಕೂ ಕಾನೂನು ಬೇಕಾಯಿತು!

ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಹಳೇ ಮಾಲೀಕರ ಲೆಕ್ಕ ಅವನು ತೀರಿಸಬೇಕಿಲ್ಲ. ಆದರೆ ಗೋಡೆ, ತೊಲೆ, ನೆರಳು ಎಲ್ಲ ಪಡೆದವನು ಅದೇ ಲೆಕ್ಕವನ್ನು ಹೊಸ ಹೆಸರಿನಲ್ಲಿ ಮುಂದುವರಿಸಬಾರದು. ಕಟ್ಟಡದ ಇತಿಹಾಸಕ್ಕೆ ಮರ್ಯಾದೆ ಕೊಡೋದು ಅಂದರೆ ಅಷ್ಟೇ ಇರಬಹುದು. ಈಗ ಒಳಗೆ ದುಡಿಯುವವರ ಸ್ಥಿತಿ ಬದಲಾಗದೆ ಫಲಕ ಮಾತ್ರ ಏರಿದರೆ ಅದು ಬರೀ ಅಲಂಕಾರ.

ಕೊನೆಗೆ ನಾನು ಕಳಿಸಿದ್ದು ಎರಡೇ ಸಾಲು: 'ಇದು ತಂಬಾಕಿನ ವಖಾರಿಯಾಗಿತ್ತು. ಇಲ್ಲಿ ಹೆಂಗಸರು ಧೂಳಿನಲ್ಲಿ ಕೂತು ದುಡಿದರು, ನ್ಯಾಯವಾದ ಕೂಲಿ ಕೇಳಿದರು.' ಕೆಳಗೆ ಬರೆದೆ: 'ಅಣ್ಣಾ, ಸ್ಟೂಲ್ ಹಾಕಿದ ದಿನ ಇದನ್ನ ಬರೆಸು. ಅಲ್ಲಿತನಕ ಗ್ವಾಡಿ ಖಾಲಿ ಇರ್ಲಿ.'

ಎರಡು ದಿನ ನೀಲಿ ಟಿಕ್ಕಷ್ಟೇ ಇತ್ತು. ಮೂರನೇ ದಿನ ಉತ್ತರ ಬಂತು: 'ಎಷ್ಟ ಸ್ಟೂಲ್ ಅಂತ ಅತ್ತೀನ ಕೇಳಿ ಹೇಳು.'